ಅರ್ಧ ಗಂಟೆಯ ನೀರು

ಸಿರುಗುಪ್ಪ
12 ಮೇ 2025

ಸಂಗಮೇಶ್ ಅವರಿಗೆ,

ಹಿಂದೆ ಎಂದಾದರೂ ನಿಮಗೆ ಚೀಟಿ ಬರೆದರೆ ‘ಅಣ್ಣಾ’ ಎಂದು ಶುರು ಮಾಡುತ್ತಿದ್ದೆ. ಇನ್ನು ಆ ಮಾತು ನನ್ನ ಕೈಯಿಂದ ಬರುವುದಿಲ್ಲ. ನಿಮ್ಮ ನಂಬರನ್ನು ಬ್ಲಾಕ್ ಮಾಡಿಸಿದ್ದೇನೆ. ಪಕ್ಕದ ಮನೆಯ ಲಾಲಬೀಯ ಮಗಳು ಮುಸ್ಕಾನ್ ಮಾಡಿಕೊಟ್ಟಳು. ಹೇಳುವುದಿದ್ದರೆ ಕಾಗದದ ಮೇಲೆ ಹೇಳಿ, ಕೆಳಗೆ ಸಹಿ ಹಾಕಿ. ಬಾಯಲ್ಲಿ ಆಡಿದ್ದನ್ನು ನಾಳೆ ಆಡಿಯೇ ಇಲ್ಲ ಅನ್ನಬಹುದು.

ನಮ್ಮ ಮನೆಯವರು ಹೋಗಿ ನಲವತ್ತಾರು ದಿನ ಆಯಿತು. ನಾನು ಬ್ಲೌಸ್ ಹೊಲಿಯಲು ಕೂತರೆ ಪಕ್ಕದಲ್ಲಿ ಅವರ ಮೋಟರ್ ರಿವೈಂಡಿಂಗ್ ಅಂಗಡಿಯ ಷಟರ್ ಕಾಣುತ್ತದೆ. ಮುಚ್ಚಿದೆ. ಅದನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ಅವರ ಮುಖ ಅಲ್ಲ, ನಿಮ್ಮ ಮುಖ.

ಹತ್ತು ವರ್ಷದಿಂದ ಕುರುಗೋಡಿನ ಕಂಬಿ, ದೇವರ ಆ ಕಾವಡಿ, ನಿಮ್ಮ ಹೆಗಲ ಮೇಲೆ ಹೊರಟಿದೆ. ನಲವತ್ತು ಜನ ನಿಮ್ಮ ಬೆನ್ನು ನೋಡಿಕೊಂಡು ಯುಗಾದಿಗೆ ಶ್ರೀಶೈಲಕ್ಕೆ ನಡೆಯುತ್ತೇವೆ. ಪ್ರತಿ ವರ್ಷ ಟೆಂಪೊದಲ್ಲಿ ಗ್ಯಾಸ್ ಒಲೆ ಬರುತ್ತಿತ್ತು, ನೀರು ಕಾಸಿ ಆರಿಸಿ ಕುಡಿಯುತ್ತಿದ್ದೆವು. ಟೆಂಪೊ ಬರದ ಕಾಡಿನ ಎರಡು ದಿನ ಮಾತ್ರ ದಾರಿಯ ಬಿಡಾರಗಳಲ್ಲಿ ಟ್ಯಾಂಕರ್ ನೀರು ಸಿಗುತ್ತಿತ್ತು. ಈ ಸಲ ಗದ್ದಲ ಇರಬಾರದೆಂದು ಎರಡು ದಿನ ಮುಂಚೆ ಹೊರಡಿಸಿದವರು ಯಾರು? ಬಿಡಾರ ಇನ್ನೂ ಎದ್ದಿರಲಿಲ್ಲ. ಟ್ಯಾಂಕರ್ ಬಂದಿರಲಿಲ್ಲ. ಕಾಡಿನ ನಡುವೆ ಕುಂಟೆಯ ಹಸಿರು ನೀರಿನ ಮುಂದೆ ನಮ್ಮನ್ನು ನಿಲ್ಲಿಸಿ, ಜೇಬಿನಿಂದ ನೀರು ಶುದ್ಧ ಮಾಡುವ ಗುಳಿಗೆ ತೆಗೆದು ಹಂಚಿದಿರಿ. ‘ಬಟ್ಟೀಲೆ ಸೋಸ್ರಿ, ಒಂದು ಬಾಟ್ಲಿಗೆ ಒಂದು ಗುಳಿಗಿ ಹಾಕ್ರಿ, ಅರ್ಧ ತಾಸು ಬಿಟ್ಟು ಕುಡೀರಿ. ಹೊರೋದು ತಪ್ಪತೈತಿ, ಎಷ್ಟು ಹಗುರ ನೋಡ್ರಿ’ ಅಂದಿರಿ.

ಹಗುರ. ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ನಿಮಗೆ ಹೊರೆ ಹಗುರವಾಗಬೇಕಿತ್ತು. ಅವರನ್ನು ಮಾರನೇ ದಿನ ಡೋಲಿ ಕಟ್ಟಿ ಹೊತ್ತು ತರುವಾಗ ಹಗುರವಾಗಿದ್ದರೇ?

ಆ ಗುಳಿಗೆ ಕೆಟ್ಟಿದ್ದವು. ನನಗೆ ಗೊತ್ತು. ನಿಮ್ಮನ್ನು ನಾನು ಬಿಡುವುದಿಲ್ಲ.

ಅಕ್ಕನಾಗಮ್ಮ

*

ಕುರುಗೋಡು
2 ಜೂನ್ 2025

ತಂಗಿ ಅಕ್ಕನಾಗಮ್ಮನಿಗೆ,

ನಿನ್ನ ಕಾಗದ ಓದಿದೆ. ನೀನು ಬೈದದ್ದು ತಪ್ಪಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಕಲ್ಲು ಹಿಡಿದು ಬರುತ್ತಿದ್ದೆ.

ಆದರೆ ಗುಳಿಗೆ ಕೆಟ್ಟಿರಲಿಲ್ಲ ತಂಗಿ. ತಾರೀಖು ನೋಡಿಯೇ ತಂದಿದ್ದೆ. ಅದೇ ಕುಂಟೆಯ ನೀರಿಗೆ ಅದೇ ಗುಳಿಗೆ ಹಾಕಿ ಮೂವತ್ತೈದು ಜನ ಕುಡಿದೆವು. ನಿಮ್ಮ ಗುಂಪಿನ ನಾಲ್ವರಿಗೆ ಮಾತ್ರ ವಾಂತಿ ಭೇದಿ ಆಯಿತು. ಮೂವರು ಉಳಿದರು, ನಿನ್ನ ಗಂಡ, ನಮ್ಮ ಎರ್ರಿ ಉಳಿಯಲಿಲ್ಲ. ಯಾಕೆ ಹೀಗಾಯಿತೆಂದು ನಾನು ತಲೆ ಕೆಡಿಸಿಕೊಂಡಿದ್ದೇನೆ. ಆ ಮಧ್ಯಾಹ್ನ ನೀರು ತುಂಬಿದಾಗಿನಿಂದ ಏನೇನು ಮಾಡಿದಿರಿ, ಒಂದೊಂದೇ ನೆನಪು ಮಾಡಿ ಬರೆ. ನಾಳೆ ಬೇರೆಯವರಿಗೆ ಹೀಗಾಗಬಾರದು.

ನನ್ನ ಹಿಟ್ಟಿನ ಗಿರಣಿಯ ಮೋಟರ್ ಸುಟ್ಟಿದೆ. ಇಪ್ಪತ್ತು ವರ್ಷ ಎರ್ರಿಯೇ ಅದನ್ನು ಸುತ್ತಿಕೊಟ್ಟಿದ್ದ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಹಿಟ್ಟು ಬೀಸಿಸಲು ಬಂದವರು ಹಾಗೇ ವಾಪಸು ಹೋಗುತ್ತಿದ್ದಾರೆ.

ನಿನ್ನ ಅಣ್ಣ,
ಸಂಗಮೇಶ್

*

ಸಿರುಗುಪ್ಪ
9 ಜೂನ್ 2025

ಸಂಗಮೇಶ್ ಅವರಿಗೆ,

ತನಿಖೆ ಮಾಡುತ್ತೀರಾ? ಮಾಡಿ. ನನ್ನ ಹತ್ತಿರ ಮುಚ್ಚಿಡುವಂಥದ್ದು ಏನೂ ಇಲ್ಲ.

ಬಾಟಲಿಗಳಿಗೆ ನನ್ನ ಸೀರೆಯ ಸೆರಗನ್ನು ನಾಲ್ಕು ಮಡಿಕೆ ಮಾಡಿ ಸೋಸಿದೆ. ಗುಳಿಗೆ ಹಾಕಿ ಅಲ್ಲಾಡಿಸಿದೆ. ಅವರು ಮೂಗಿನ ಹತ್ತಿರ ಹಿಡಿದು ದೂರ ಸರಿಸಿದರು. ‘ಥೂ, ದವಾಖಾನಿ ವಾಸನಿ. ಸತ್ರೂ ಒಲ್ಲೆ ಇದನ್ನ’ ಅಂದರು. ಹನ್ನೆರಡು ಮೈಲಿ ನಡೆದ ಗಂಡ ನೀರು ಒಲ್ಲೆ ಅಂದರೆ ಹೆಂಡತಿ ಸುಮ್ಮನೆ ಕೂರುತ್ತಾಳೆಯೇ? ‘ತಡೀರಿ, ಲಿಂಬಿಹಣ್ಣು ಹಿಂಡತೀನಿ’ ಅಂದೆ. ನಮ್ಮ ಹಿತ್ತಲ ಗಿಡದ ಹಣ್ಣು, ಗಂಟಿನಲ್ಲಿ ಕಟ್ಟಿಕೊಂಡು ಹೋಗಿದ್ದೆ. ಪ್ರತಿ ಬಾಟಲಿಗೆ ಒಂದು ಇಡೀ ಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿದೆ. ವಾಸನೆ ಪೂರ್ತಿ ಹೋಯಿತು. ಆಮೇಲೂ ಕುಡಿಯಲು ಬಿಡಲಿಲ್ಲ ನಾನು. ನಿಮ್ಮ ಮಾತಿಗೆ ಅಷ್ಟು ಬೆಲೆ ಕೊಟ್ಟಿದ್ದೆ. ಅವರ ಕೈಗಡಿಯಾರ ನನ್ನ ಕೈಯಲ್ಲಿ ಹಿಡಿದು ಅರ್ಧ ಗಂಟೆ ಕಾದೆ, ಒಂದು ನಿಮಿಷವೂ ಕಡಿಮೆ ಇಲ್ಲ. ಆಮೇಲೆ ಅವರು ಕುಡಿದರು, ನಮ್ಮ ಜೊತೆಗಿದ್ದ ಮೂವರೂ ಕುಡಿದರು. ‘ಈಗ ನೋಡು, ನೀರು ಅಂದ್ರ ಇದು’ ಅಂದರು. ಅವರು ನಗುತ್ತ ಆಡಿದ ಕೊನೆಯ ಮಾತು ಅದು.

ನಾನು ಹುಳಿ ಮುಟ್ಟುವುದಿಲ್ಲ, ಎದೆಯುರಿ. ಬರೀ ಗುಳಿಗೆ ನೀರು ಕುಡಿದೆ. ನನಗೆ ಏನೂ ಆಗಲಿಲ್ಲ, ಅದನ್ನೇ ಹಿಡಿದು ಗುಳಿಗೆ ಒಳ್ಳೆಯದಿತ್ತು ಅನ್ನಬೇಡಿ. ನನ್ನ ಹೊಟ್ಟೆ ಗಟ್ಟಿ. ನಿಮ್ಮನ್ನು ನೋಡಿಯೂ ವಾಂತಿ ಮಾಡಿಕೊಳ್ಳದೆ ಬಂದವಳು ನಾನು.

ಬರೆದಿದ್ದೇನೆ. ಇನ್ನೇನು ಬೇಕು ನಿಮಗೆ?

ಅಕ್ಕನಾಗಮ್ಮ

*

ಸಿರುಗುಪ್ಪ
20 ಆಗಸ್ಟ್ 2025

ಸಂಗಮೇಶ್ ಅವರಿಗೆ,

ಎರಡು ತಿಂಗಳಾಯಿತು, ಉತ್ತರ ಇಲ್ಲ. ಬಾಯಿ ಕಟ್ಟಿತೇ?

ಅಕ್ಕನಾಗಮ್ಮ

*

ಕುರುಗೋಡು
4 ಸೆಪ್ಟೆಂಬರ್ 2025

ತಂಗಿ ಅಕ್ಕನಾಗಮ್ಮನಿಗೆ,

ತಡವಾಯಿತು, ಕ್ಷಮಿಸು. ಎರಡು ಸಲ ಬರೆದು ಹರಿದು ಹಾಕಿದೆ.

ತಪ್ಪು ನನ್ನದು. ಗುಳಿಗೆ ಕೈಗೆ ಕೊಟ್ಟವನು ನಾನು, ಅದರ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳದೆ ಹೋದವನೂ ನಾನು. ಇನ್ನು ನಿನ್ನನ್ನು ಏನೂ ಕೇಳುವುದಿಲ್ಲ. ನೀನೂ ಆ ದಿನವನ್ನು ಮತ್ತೆ ಮತ್ತೆ ಕೆದಕಬೇಡ. ಊಟ ಸರಿಯಾಗಿ ಮಾಡು.

ಸಂಗಮೇಶ್

*

ಸಿರುಗುಪ್ಪ
17 ನವೆಂಬರ್ 2025

ಸಂಗಮೇಶ್ ಅವರಿಗೆ,

‘ತಪ್ಪು ನನ್ನದು.’ ನಿಮ್ಮ ಕೈಬರಹ, ನಿಮ್ಮ ಸಹಿ. ಆ ಕಾಗದವನ್ನು ಲ್ಯಾಮಿನೇಷನ್ ಮಾಡಿಸಿದ್ದೇನೆ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರಿಗೆಲ್ಲ ಮೊದಲು ಅದನ್ನು ಓದಲು ಕೊಡುತ್ತೇನೆ, ಆಮೇಲೆ ಟೇಪು ಹಿಡಿಯುತ್ತೇನೆ. ಕುರುಗೋಡಿನಿಂದ ಬರುವವರು ನಾಲ್ಕು ಜನ ಇದ್ದಾರೆ. ಅವರು ಹೋಗಿ ಹೇಳಬೇಕಾದಲ್ಲಿ ಹೇಳುತ್ತಾರೆ. ನಿಮ್ಮ ಗಿರಣಿಯಲ್ಲಿ ಹೊಸ ಮೋಟರ್ ಕೂರಿಸಿದ್ದೀರಂತೆ, ಆದರೂ ಜೋಳದ ಡಬ್ಬಿಗಳು ಮೊದಲಿನಷ್ಟು ಸಾಲು ನಿಲ್ಲುವುದಿಲ್ಲವಂತೆ. ಕೇಳಿ ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಬರೆಯಲಿ, ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ಕಳೆದ ವಾರ ಮೋಕದ ಸಂತೆಯಲ್ಲಿ ನಿಮ್ಮನ್ನು ಕಂಡೆ. ನೀವು ನನ್ನ ಕಡೆ ಎರಡು ಹೆಜ್ಜೆ ಬಂದು ನಿಂತಿರಿ. ನಾನು ಬೆನ್ನು ತಿರುಗಿಸಿದೆ. ತಿರುಗುವ ಮೊದಲು ಗಮನಿಸಿದೆ, ಇಳಿದುಹೋಗಿದ್ದೀರಿ. ಇನ್ನೂ ಇಳಿಯಿರಿ.

ಅಕ್ಕನಾಗಮ್ಮ

*

ಕುರುಗೋಡು
19 ಜನವರಿ 2026

ತಂಗಿ ಅಕ್ಕನಾಗಮ್ಮನಿಗೆ,

ಈ ವರ್ಷದ ನಡಿಗೆಗೆ ನೀರಿನ ಏರ್ಪಾಡು ಏನೆಂದು ಎಲ್ಲರಿಗೂ ಬರೆದು ಕಳಿಸುತ್ತಿದ್ದೇನೆ. ನಿನಗೂ ಕಳಿಸುವುದು ನನ್ನ ಧರ್ಮ. ನೀನು ನಡೆಯಲು ಬಂದರೂ ಸರಿ, ಬಿಟ್ಟರೂ ಸರಿ.

ಮೂರು ತಿಂಗಳಿಂದ ಎಲ್ಲ ಬಗೆಯನ್ನೂ ಪರೀಕ್ಷೆ ಮಾಡಿ ನೋಡಿದೆ. ಕಾಸುವುದಕ್ಕಿಂತ ಒಳ್ಳೆಯದು ಇಲ್ಲ, ಆದರೆ ಸಿಲಿಂಡರನ್ನು ಕಾಡಿನ ಏರಿನಲ್ಲಿ ಹೊರಲು ಆಗುವುದಿಲ್ಲ, ಅಲ್ಲಿ ಬೆಂಕಿ ಹಾಕಲು ಅರಣ್ಯದವರು ಬಿಡುವುದಿಲ್ಲ. ಕೈಯಿಂದ ಒತ್ತುವ ಒಂದು ಫಿಲ್ಟರ್ ತರಿಸಿದೆ. ಒಂದು ತೆಂಗಿನಕಾಯಿಯಷ್ಟು ಭಾರ, ರಾಡಿ ನೀರಿಗೆ ಮೂರನೇ ಬಾಟಲಿಗೇ ಕಟ್ಟಿಕೊಂಡಿತು. ಬಾಯಿಗಿಟ್ಟು ಹೀರುವ ಕೊಳವೆಯೂ ಬಂದಿದೆ. ಬಲು ಹಗುರ, ಆದರೆ ಕೆರೆಯ ದಂಡೆಯಲ್ಲಿ ಬಗ್ಗಿಯೇ ಹೀರಬೇಕು, ಮುದುಕರಿಗೆ ಎದೆ ಸಾಲುವುದಿಲ್ಲ. ನೀಲಿ ಬೆಳಕಿನ ಕಡ್ಡಿಯೊಂದಿದೆ, ನೀರೊಳಗೆ ತಿರುಗಿಸಬೇಕು. ನೀರು ತಿಳಿಯಾಗಿದ್ದರೆ ಮಾತ್ರ ಅದರ ಕೆಲಸ, ಚಾರ್ಜ್ ಇಳಿದರೆ ಅದೂ ಇಲ್ಲ. ಪಟಿಕ ತಿರುಗಿಸಿದರೆ ರಾಡಿ ಇಳಿಯುತ್ತದೆ, ಕ್ರಿಮಿ ಸಾಯುವುದಿಲ್ಲ.

ಎಲ್ಲ ನೋಡಿ ಕೊನೆಗೆ ಮತ್ತೆ ಗುಳಿಗೆಯೇ ಸರಿ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಬೇಕು, ಬಾಟಲಿಗೆ ಒಂದು ಗುಳಿಗೆ, ಅರ್ಧ ಗಂಟೆ. ಆ ಅರ್ಧ ಗಂಟೆ ಮುಗಿಯುವ ತನಕ ಉಪ್ಪು, ಬೆಲ್ಲ, ಹುಳಿ ಯಾವುದನ್ನೂ ನೀರಿಗೆ ಬೆರೆಸಕೂಡದು. ಇದನ್ನು ಎಲ್ಲರೂ ನೆನಪಿಡಬೇಕು.

ನಿನ್ನ ಮನಸ್ಸಿಗೆ ನೋವಾಗುತ್ತದೆಂದು ಗೊತ್ತು. ಆದರೂ ಜನರ ಜೀವದ ಪ್ರಶ್ನೆ.

ಸಂಗಮೇಶ್

*

ಸಿರುಗುಪ್ಪ
26 ಜನವರಿ 2026

ಸಂಗಮೇಶ್ ಅವರಿಗೆ,

ಮತ್ತೆ ಗುಳಿಗೆ. ನನ್ನ ಗಂಡನ ಚಿತೆಯ ಬೂದಿ ಆರುವ ಮೊದಲೇ ಮತ್ತೆ ಅದೇ ಗುಳಿಗೆ. ನಿಮ್ಮ ಎದೆ ಎಂಥದ್ದು ಎಂದು ಕೇಳಬೇಕೆನಿಸುತ್ತದೆ, ಕೇಳುವುದಿಲ್ಲ, ಉತ್ತರ ಗೊತ್ತಿದೆ. ಜೊತೆಗೆ ಹೊಸ ಹೊಸ ನಿಯಮ ಬೇರೆ. ಅದು ಬೆರೆಸಬೇಡಿ, ಇದು ಬೆರೆಸಬೇಡಿ. ನೀರು ಕುಡಿಯಲು ಇಷ್ಟು ಶಾಸ್ತ್ರವೇ?

ಕೇಳಿ. ಫೆಬ್ರವರಿ ಇಪ್ಪತ್ತೆರಡಕ್ಕೆ ನಡಿಗೆಯ ಮಾತುಕತೆಗೆ ದೊಡ್ಡಬಸಪ್ಪನ ಗುಡಿಯ ಕಟ್ಟೆಯ ಮೇಲೆ ಎಲ್ಲರೂ ಸೇರುತ್ತೀರಲ್ಲ, ನಾನೂ ಬರುತ್ತೇನೆ. ಮುಂದಿನ ಸಾಲಿನಲ್ಲಿ ಕೂರುತ್ತೇನೆ. ನೀವು ಎದ್ದು ನಿಂತು ಒಂದು ಮಾತು ಹೇಳಬೇಕು. ಅದನ್ನೂ ನಾನೇ ಬರೆದುಕೊಡುತ್ತೇನೆ: ‘ಎರ್ರಿ ಸತ್ತದ್ದು ನನ್ನ ಕೈಯಿಂದ.’ ಇಷ್ಟೇ. ಹೆಚ್ಚು ಬೇಡ, ಕಡಿಮೆ ಬೇಡ. ಆಮೇಲೆ ಕಂಬಿಯನ್ನು ಹೆಗಲಿನಿಂದ ಇಳಿಸಿ ಬೇರೆಯವರಿಗೆ ಕೊಡಬೇಕು.

ಹೇಳದಿದ್ದರೆ ಪುರಾವೆ ತೋರಿಸುತ್ತೇನೆ. ಅವರ ಅಂಗಿಯ ಜೇಬಿನಲ್ಲಿ ನಿಮ್ಮ ಗುಳಿಗೆ ಎರಡು ಉಳಿದಿದ್ದವು. ಮುಸ್ಕಾನ್ ಈಗ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಾಳೆ. ಅವಳಿಗೆ ಕಳಿಸಿದ್ದೇನೆ.

ಅಕ್ಕನಾಗಮ್ಮ

*

ಕುರುಗೋಡು
2 ಫೆಬ್ರವರಿ 2026

ತಂಗಿ,

ಹೇಳುತ್ತೇನೆ. ಆ ಗುಳಿಗೆಗಳನ್ನು ವಾಪಸು ತರಿಸಿಕೋ. ಅದರ ಅಗತ್ಯ ಇಲ್ಲ.

ಸಂಗಮೇಶ್

*

ಸಿರುಗುಪ್ಪ
23 ಫೆಬ್ರವರಿ 2026

ಸಂಗಮೇಶ್ ಅವರಿಗೆ,

ನಿನ್ನೆ ಹೇಳಿದಿರಿ. ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಲಿಲ್ಲ. ಹಿರಿಯ ಸುಂಕಣ್ಣ ‘ಏನಂದ್ಯೋ, ಇನ್ನೊಮ್ಮಿ ಅನ್ನು’ ಎಂದಾಗ ಎರಡನೇ ಸಲವೂ ಹೇಳಿದಿರಿ. ಎರಡು ಸಲ ಕೇಳುವ ಭಾಗ್ಯ ನನಗೆ ಸಿಕ್ಕಿತು. ನಾನು ಕಣ್ಣು ಮುಚ್ಚದೆ ನಿಮ್ಮ ಮುಖ ನೋಡಿದೆ. ಹಿಂದಿನಿಂದ ಯಾರೋ ‘ಕೊಲೆಗಾರ’ ಅಂದರು. ನಿಮ್ಮ ಹೆಂಡತಿ ಯಂಕಮ್ಮ ಎದ್ದು ಹೊರಗೆ ಹೋದಳು. ಸುಂಕಣ್ಣ ಕಂಬಿಯನ್ನು ನಿಮ್ಮ ಕೈಯಿಂದ ಇಸಿದುಕೊಂಡು, ನಮ್ಮ ಜೊತೆ ನಡೆಯುವ ಹುಲುಗೇಶನ ಹೆಗಲಿಗೆ ಇಟ್ಟ.

ಹೋಗುವಾಗ ನೀವು ಹುಲುಗೇಶನ ಕೈ ಹಿಡಿದು ಏನೋ ಹೇಳಲು ಹೋದಿರಿ. ‘ಗುಳಿಗಿ ಮಾತ್ರ ಬಿಡಬ್ಯಾಡಪಾ’ ಅಂದದ್ದು ನನಗೆ ಕೇಳಿಸಿತು. ಅವನು ಕೈ ಕೊಡವಿಕೊಂಡ. ‘ಗುಳಿಗಿ ಸಾಕು ಮಾವ. ಈ ಸಲ ಬಟ್ಟೀಲೆ ಸೋಸಿ, ಲಿಂಬಿಹಣ್ಣು ಹಿಂಡಿ ಕುಡಿಯೋದು. ನಮ್ಮ ಹಿರೇರು ಹಂಗ ಕುಡಿತಿದ್ರು’ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಮ್ಮ ಹಿತ್ತಲ ಗಿಡದ ಹಣ್ಣನ್ನು ಎಲ್ಲರಿಗೂ ಸಾಲುವಷ್ಟು ನಾನೇ ಕೊಡುತ್ತೇನೆ ಎಂದು ಅಲ್ಲೇ ಮಾತು ಕೊಟ್ಟೆ.

ಮನೆಗೆ ಬಂದು ಅವರ ಫೋಟೋದ ಮುಂದೆ ದೀಪ ಹಚ್ಚಿ, ‘ತೀರಿತು’ ಅಂದೆ. ಹೊಟ್ಟೆ ತುಂಬ ಉಂಡು ಮಲಗಿದೆ.

ನಮ್ಮ ನಡುವಿನ ಪತ್ರ ಇಲ್ಲಿಗೆ ಮುಗಿಯಿತು.

ಅಕ್ಕನಾಗಮ್ಮ

*

ಕಂಟೋನ್ಮೆಂಟ್, ಬಳ್ಳಾರಿ
27 ಫೆಬ್ರವರಿ 2026

ಅತ್ತಿ ಅಕ್ಕನಾಗಮ್ಮನವರಿಗೆ ಮುಸ್ಕಾನಳ ಸಲಾಮು.

ಫೋನಿನಲ್ಲಿ ಹೇಳಲು ನನಗೆ ಧೈರ್ಯ ಸಾಲಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ನನಗೆ ಲಂಗ ಹೊಲಿದುಕೊಟ್ಟವರು ನೀವು. ನಿಮಗೆ ಸುಳ್ಳು ಹೇಳಿದರೆ ಅಮ್ಮ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಗುಳಿಗೆ ಚೆನ್ನಾಗಿವೆ ಅತ್ತಿ. ತಾರೀಖೂ ಮುಗಿದಿಲ್ಲ. ಒಂದನ್ನು ಕೆರೆಯ ನೀರಿಗೆ ಹಾಕಿದೆ, ಅರ್ಧ ಗಂಟೆಗೆ ನೀರು ಕುಡಿಯುವಂತಾಯಿತು. ಎರಡನೆಯದನ್ನು ಹಾಕಿ, ಕೂಡಲೇ ಒಂದು ನಿಂಬೆಹಣ್ಣು ಹಿಂಡಿದೆ. ಅರ್ಧ ಗಂಟೆಯಾದ ಮೇಲೂ ಆ ನೀರು ಕೆರೆಯಲ್ಲಿದ್ದಂತೆಯೇ ಇತ್ತು. ಗುಳಿಗೆಯಲ್ಲಿ ಇರುವುದು ಕ್ಲೋರಿನ್. ಅದು ಕ್ರಿಮಿಗಳನ್ನು ಕೊಲ್ಲುವ ಮೊದಲೇ ನಿಂಬೆರಸ ಅದನ್ನೇ ಮುಗಿಸಿಬಿಡುತ್ತದೆ. ವಾಸನೆ ಹೋಯಿತು ಅಂದರೆ ಔಷಧಿ ಹೋಯಿತು ಎಂದೇ ಅರ್ಥ. ಅರ್ಧ ಗಂಟೆ ಕಳೆದ ಮೇಲೆ ಹಿಂಡಿಕೊಂಡರೆ ಏನೂ ತೊಂದರೆ ಇಲ್ಲ.

ನಿಂಬೆಹಣ್ಣು ಹಾಕಿ ನೋಡಬೇಕೆಂದು ನನಗೆ ಹೊಳೆದದ್ದಲ್ಲ. ಕಳೆದ ಜೂನ್ ಕೊನೆಗೆ ಸಂಗಮೇಶ್ ಮಾವ ಲ್ಯಾಬಿಗೆ ಬಂದಿದ್ದರು. ಒಂದು ಕಾಗದ ಕೈಯಲ್ಲಿತ್ತು, ತೋರಿಸಲಿಲ್ಲ. ‘ಗುಳಿಗಿ ಹಾಕಿದ ಕೂಡಲೇ ಲಿಂಬಿಹಣ್ಣು ಹಿಂಡಿದ್ರ ಏನಾಗತೈತವ್ವ?’ ಎಂದು ಕೇಳಿದರು. ಪರೀಕ್ಷೆ ಮಾಡಿ ಹೇಳಿದೆ. ಬಾಗಿಲ ಹತ್ತಿರದ ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕೂತಿದ್ದರು. ನೀರು ಕೊಟ್ಟರೂ ಕುಡಿಯಲಿಲ್ಲ. ಹೋಗುವಾಗ, ‘ಇದನ್ನ ಸಿರುಗುಪ್ಪದಾಗ ಯಾರಿಗೂ ಹೇಳಬ್ಯಾಡ. ಆಕಿಗೆ ಗೊತ್ತಾದ್ರ ಆಕಿ ಉಳಿಯಂಗಿಲ್ಲ. ನನ್ನ ಬೈಕೊಂತರ ಬದುಕಲಿ’ ಅಂದರು. ನಿಮ್ಮ ವಿಷಯವೇನೋ ಎಂಬ ಅನುಮಾನ ಆಗ ಬಂತು, ಖಚಿತವಿರಲಿಲ್ಲ. ನೀವು ಗುಳಿಗೆ ಕಳಿಸಿದ ದಿನ ತಿಳಿಯಿತು.

ಅಮ್ಮ ಹೇಳಿದಳು, ಈ ಸಲ ಎಲ್ಲರೂ ಬರೀ ನಿಂಬೆಹಣ್ಣು ಹಿಂಡಿ ಕುಡಿಯುತ್ತಾರಂತೆ. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ನಲವತ್ತು ಜನ ಅತ್ತಿ. ನನ್ನನ್ನು ಕ್ಷಮಿಸಿ.

ನಿಮ್ಮ ಮುಸ್ಕಾನ್

*

ಸಿರುಗುಪ್ಪ
4 ಮಾರ್ಚ್ 2026

ಅಣ್ಣಾ,

ಟಪಾಲಿಗೆ ಹಾಕಿದರೆ ತಡವಾಗುತ್ತದೆ. ಲಾಲಬೀ ಈ ಹೊತ್ತು ಕುರುಗೋಡಿಗೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ.

ಮುಸ್ಕಾನ್ ಬರೆದಳು. ಓದಿ ಮೂರು ದಿನ ಬಾಗಿಲು ತೆಗೆಯಲಿಲ್ಲ. ಹಿತ್ತಲಿಗೆ ಹೋಗಿ ಆ ನಿಂಬೆ ಗಿಡವನ್ನು ಕಡಿಯಲು ಕೊಡಲಿ ಎತ್ತಿದೆ. ಎರಡು ಏಟು ಹಾಕಿ ನಿಲ್ಲಿಸಿದೆ. ಗಿಡ ಏನು ಮಾಡಿತು? ಹಿಂಡಿದ ಕೈ ನನ್ನದು. ಕೈಗಡಿಯಾರ ಹಿಡಿದು ಕಾಯುತ್ತ ಕೂತವಳು ನಾನು. ಆ ಅರ್ಧ ಗಂಟೆಯಲ್ಲಿ ಅವರು ಮೂರು ಸಲ ‘ಆತೇನು?’ ಎಂದು ಕೇಳಿದರು, ನಾನು ಮೂರು ಸಲ ‘ಇನ್ನೂ ಇಲ್ಲ, ತಡೀರಿ’ ಅಂದೆ.

ನಿಮಗೆ ಒಂದು ಸಾಲು ಸಾಕಿತ್ತು. ನಾನು ಅಷ್ಟು ಬೈದೆ, ನಿಮ್ಮ ಗಿರಣಿಯ ಜನರನ್ನು ತಪ್ಪಿಸಿದೆ, ಯಂಕಮ್ಮ ಊರಿನ ಮುಂದೆ ತಲೆ ತಗ್ಗಿಸುವಂತೆ ಮಾಡಿದೆ. ಆ ಒಂದು ಸಾಲನ್ನು ಕಾಗದದ ಮೇಲೆ ಬರೆದು ಕಳಿಸಿದ್ದರೆ ನಾನು ಅಲ್ಲಿಗೇ ಮುಗಿಯುತ್ತಿದ್ದೆ. ನೀವು ಊಟ ಸರಿಯಾಗಿ ಮಾಡು ಎಂದು ಬರೆದಿರಿ.

ನಿಮ್ಮ ಕಾಲಿಗೆ ಬೀಳುತ್ತೇನೆಂದು ತಿಳಿಯಬೇಡಿ. ನನಗೆ ಇನ್ನೂ ಸಿಟ್ಟಿದೆ, ನಿಮ್ಮ ಮೇಲೆಯೇ ಇದೆ. ನನ್ನನ್ನು ಉಳಿಸಲು ನೀವು ಬಾಯಿ ಮುಚ್ಚಿಕೊಂಡಿರಿ, ಅದರಿಂದ ಹುಲುಗೇಶ ಗುಳಿಗೆಯನ್ನು ಬಿಟ್ಟ. ನಾನು ಬುಟ್ಟಿಗಟ್ಟಲೆ ನಿಂಬೆಹಣ್ಣು ಕೊಯ್ದು ಇಟ್ಟಿದ್ದೆ ಅಣ್ಣಾ, ಆ ನಲವತ್ತು ಜನರಿಗೂ ಹಂಚಲು. ಇನ್ನೊಮ್ಮೆ ಅದೇ ಕೈಯಿಂದ. ನನ್ನ ಮೇಲೆ ಅಷ್ಟು ಕರುಣೆ ತೋರಿಸುವ ಹಕ್ಕು ನಿಮಗೆ ಯಾರು ಕೊಟ್ಟರು?

ಈ ಒಂದು ವರ್ಷ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ನಿಮ್ಮ ಮೇಲಿನ ಸೇಡು. ಅದೂ ಈಗ ಇಲ್ಲ. ಇನ್ನು ಉಳಿದ ಸೇಡನ್ನು ತೀರಿಸಬೇಕಾದ್ದು ನನ್ನ ಮೇಲೆಯೇ. ಅದನ್ನು ಅರ್ಧಕ್ಕೆ ಬಿಡುವವಳಲ್ಲ ನಾನು, ನಿಮಗೆ ಗೊತ್ತು.

ನಾಳಿದ್ದು ಹೊರಡುವ ಮೊದಲಿನ ಪೂಜೆಗೆ ಎಲ್ಲರೂ ಕಟ್ಟೆಗೆ ಬರುತ್ತಾರೆ. ಸುಂಕಣ್ಣನಿಗೆ ಹೇಳಿ ಕಳಿಸಿದ್ದೇನೆ, ನನಗೆ ಮಾತಾಡಲು ಇದೆ ಎಂದು. ಬುಟ್ಟಿ ತರುತ್ತೇನೆ, ಎರಡು ಬಾಟಲಿ ತರುತ್ತೇನೆ, ಮುಸ್ಕಾನಳನ್ನೂ ಕರೆದುಕೊಂಡು ಬರುತ್ತೇನೆ. ಅವಳು ಮಾಡಿ ತೋರಿಸುತ್ತಾಳೆ. ಅದಕ್ಕೂ ಮೊದಲು ನಾನು ಎದ್ದು ನಿಲ್ಲುತ್ತೇನೆ. ಮೂವತ್ತು ವರ್ಷ ನನ್ನ ಬಾಯಿಯಿಂದ ಬರದ ಅವರ ಹೆಸರನ್ನು ಅಷ್ಟು ಜನರ ಮುಂದೆ ಹಿಡಿದು ಹೇಳುತ್ತೇನೆ. ಎರ್ರಿಸ್ವಾಮಿ ಸತ್ತದ್ದು ನನ್ನ ಕೈಯಿಂದ. ಸುಂಕಣ್ಣ ಇನ್ನೊಮ್ಮೆ ಅನ್ನು ಎಂದರೆ ಇನ್ನೊಮ್ಮೆ ಹೇಳುತ್ತೇನೆ.

ನೀವು ಬರಬೇಕು. ಹಿಂದೆ ಎಲ್ಲೋ ಕಂಬದ ಮರೆಯಲ್ಲಿ ನಿಲ್ಲಬಾರದು. ಮುಂದಿನ ಸಾಲಿನಲ್ಲಿ ನಾನು ಕೂತಿದ್ದ ಜಾಗದಲ್ಲೇ ಕೂರಬೇಕು. ನಾನು ಕಣ್ಣು ಮುಚ್ಚದೆ ನಿಮ್ಮ ಮುಖ ನೋಡಿದ್ದೆ. ನೀವೂ ಹಾಗೆಯೇ ನೋಡಬೇಕು.

ನಿಮ್ಮ ತಂಗಿ,
ಅಕ್ಕನಾಗಮ್ಮ